ಹಕ್ಕಿಗಳನ್ನು ಎಬ್ಬಿಸಿ ತೆಗೆದ ಚಿತ್ರ ಅಚ್ಚು ಹಾಕಬೇಡಿ

ಮಾನ್ಯ ಸಂಪಾದಕರೇ,

ತುಂಗಭದ್ರಾ ಹಿನ್ನೀರಿನಲ್ಲಿ ರಾಜಹಂಸಗಳ ಹಿಂಡು ಒಟ್ಟಿಗೆ ರೆಕ್ಕೆ ಬಿಚ್ಚಿ ಏಳುತ್ತಿರುವ ಚಿತ್ರಗಳು ಚಳಿಗಾಲದಲ್ಲಿ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಬರುತ್ತಿರುತ್ತವೆ. ನೋಡಲು ಚೆಂದ, ಇಲ್ಲವೆನ್ನುವುದಿಲ್ಲ. ಆದರೆ ಹಿಂಡಿಗೆ ಹಿಂಡೇ ಒಂದೇ ದಿಕ್ಕಿಗೆ ಕುತ್ತಿಗೆ ಚಾಚಿ, ನೀರು ಚಿಮ್ಮಿಸುತ್ತ ಓಡುತ್ತಿದೆ ಎಂದರೆ ಬಹುಪಾಲು ಸಲ ಚಿತ್ರದ ಚೌಕಟ್ಟಿನಾಚೆ ಯಾರೋ ನಿಂತು ಅವನ್ನು ಎಬ್ಬಿಸಿರುತ್ತಾರೆ. ನಾನು ಕೊಪ್ಪಳದಲ್ಲಿ ಸ್ಟುಡಿಯೊ ಇಟ್ಟುಕೊಂಡು ಮದುವೆ, ಕುಬಸ, ಜವಳದ ಫೋಟೊ ತೆಗೆದು ಸಂಸಾರ ನಡೆಸುವವನು. ಬಿಡುವು ಸಿಕ್ಕಾಗಲೆಲ್ಲ ಕ್ಯಾಮೆರಾ ಹೆಗಲಿಗೇರಿಸಿ ಹಿನ್ನೀರಿನ ದಂಡೆಗೆ ಹೋಗುತ್ತೇನೆ. ಅಲ್ಲಿ ಕಂಡದ್ದನ್ನೇ ಬರೆಯುತ್ತಿದ್ದೇನೆ.

ಎಬ್ಬಿಸುವ ಬಗೆ ಹಲವು. ಒಬ್ಬ ಚಪ್ಪಾಳೆ ತಟ್ಟುತ್ತಾನೆ, ಇನ್ನೊಬ್ಬ ಕಲ್ಲು ಬೀರುತ್ತಾನೆ. ಹರಿಗೋಲಿನವರಿಗೆ ದುಡ್ಡು ಕೊಟ್ಟು ನೇರ ಹಿಂಡಿನೊಳಗೆ ಹುಟ್ಟು ಹಾಕಿಸುವವರಿದ್ದಾರೆ. ಈಗ ಡ್ರೋನ್ ಕೂಡ ಬಂದಿದೆ. ಮೇಲಿಂದ ಅದರ ಗುಂಯ್‌ಗುಡುವ ಸದ್ದು ಕೇಳಿದರೆ ಹಕ್ಕಿಗಳು ಹದ್ದು ಬಂತೆಂದೇ ಹೆದರಿ ಏಳುತ್ತವೆ. ‘ಫೋಕಸ್ ಸಿಗಲಿಲ್ಲ, ಇನ್ನೊಂದ್ ಸಲ ಎಬ್ಬಸ್ರಿ’ ಎಂದು ದಂಡೆಯಿಂದ ಕೂಗಿ ಹೇಳಿದ್ದನ್ನು ನಾನೇ ಕೇಳಿದ್ದೇನೆ. ರಾಜಹಂಸ ನಿಂತಲ್ಲಿಂದಲೇ ಹಾರುವ ಹಕ್ಕಿಯಲ್ಲ. ಉದ್ದ ಕಾಲುಗಳಲ್ಲಿ ಒಂದಷ್ಟು ದೂರ ಓಡಿ ವೇಗ ಕೂಡಿಸಿಕೊಂಡ ಮೇಲೆಯೇ ಮೈ ಮೇಲೇಳುವುದು. ಮುಂಜಾನೆಯಿಂದ ತಲೆ ಕೆಳಗಾಗಿಸಿ ಕೆಸರು ನೀರು ಸೋಸಿ ತಿಂದದ್ದೆಲ್ಲ ಆ ಓಟಕ್ಕೇ ಖರ್ಚಾದರೆ ಅದು ಮತ್ತೆ ತಿನ್ನುವುದು ಯಾವಾಗ?

ಡ್ಯಾಂ ಎಂದರೆ ನಮ್ಮ ಕಡೆ ಟಿಎಂಸಿ ಲೆಕ್ಕ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದಾಗ ಬೆಳೆಗೆ ನೀರು ಸಿಗುವುದೋ ಇಲ್ಲವೋ ಎಂದು ಎಲ್ಲರ ಜೀವ ಬಾಯಿಗೆ ಬಂದಿತ್ತು, ಅದು ಸಹಜವೇ. 1953ರಲ್ಲಿ ಕಟ್ಟಿ ಮುಗಿಸಿದಾಗ 133 ಟಿಎಂಸಿ ಅಡಿಯಷ್ಟಿದ್ದ ಸಾಮರ್ಥ್ಯ ಹೂಳಿನಿಂದಾಗಿ 105ರ ಆಸುಪಾಸಿಗೆ ಇಳಿದಿದೆ. ರೈತನಿಗೆ ನಷ್ಟವಾದ ಅದೇ ಹೂಳಿನ ಮೇಲೆ, ದೀಪಾವಳಿ ಕಳೆದು ನೀರು ಸರಿಯುತ್ತ ಹೋದಂತೆ, ದಂಡೆಯ ಹಕ್ಕಿಗಳು ಬಂದಿಳಿಯುತ್ತವೆ. ಕೆಸರಿನೊಳಗಿನ ಹುಳ, ಮರಿಹುಳಗಳೇ ಅವುಗಳ ಆಹಾರ. ಲಿಟಲ್ ಸ್ಟಿಂಟ್ ಎಂಬ ಪುಟ್ಟ ಹಕ್ಕಿಯ ತೂಕ 25 ಗ್ರಾಂ ಆಸುಪಾಸು. ಅದು ಮರಿ ಮಾಡುವುದು ರಷ್ಯಾದ ಉತ್ತರ ತುದಿಯ ಹಿಮಪ್ರದೇಶದಲ್ಲಿ. ನಮ್ಮ ಹಿನ್ನೀರಿನಲ್ಲಿ ಚಳಿಗಾಲ ಕಳೆದು ಬೇಸಿಗೆ ಮೊದಲಾಗುವಾಗ ವಾಪಸು ಹೊರಡಬೇಕು. ಹೊರಡುವ ಮುನ್ನ ಮೈಯಲ್ಲಿ ಕೊಬ್ಬು ಸೇರಿಸಿಕೊಳ್ಳದಿದ್ದರೆ ದಾರಿ ಮುಗಿಯುವುದಿಲ್ಲ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತಿನ ಕಥೆಯೂ ಇದೇ.

ಹತ್ತಿರ ಹೋಗದೆ ಒಳ್ಳೆಯ ಚಿತ್ರ ಬರುವುದಿಲ್ಲ ಎಂದು ಹೊಸ ಹುಡುಗರು ವಾದಿಸುತ್ತಾರೆ. ನಾವು ಹಕ್ಕಿಯ ಹತ್ತಿರ ಹೋಗಬೇಕಾಗಿಲ್ಲ, ಹಕ್ಕಿ ನಮ್ಮ ಹತ್ತಿರ ಬರುತ್ತದೆ. ಇದನ್ನು ನಾನು ಕಲಿತದ್ದು ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ. ಸಮುದ್ರದ ಇಳಿತವಾದಾಗ ಅಲ್ಲಿ ಹರವಾದ ಕೆಸರುಬಯಲು ತೆರೆದುಕೊಳ್ಳುತ್ತದೆ. ಹಕ್ಕಿಗಳು ಅಲ್ಲೆಲ್ಲ ಚದುರಿ ಮೇಯುತ್ತವೆ, ಜನ ಚಿಪ್ಪಿ ಆರಿಸುತ್ತಾರೆ. ಭರತ ಏರತೊಡಗಿದ ಹಾಗೆ ನೀರು ಕೆಸರನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತ ಬಂದು ಹಕ್ಕಿಗಳನ್ನು ದಡದ ಕಡೆಗೆ ದೂಡುತ್ತದೆ. ಆ ದಡದಲ್ಲಿ ಮೊದಲೇ ಹೋಗಿ, ಸೂರ್ಯ ಬೆನ್ನಿಗಿರುವಂತೆ ನೋಡಿಕೊಂಡು, ಹೊಟ್ಟೆಯ ಮೇಲೆ ಮಲಗಿ ಕಾದರೆ ಸಾಕು. ಸ್ಯಾಂಡ್ ಪ್ಲೋವರ್ ಎಂಬ ಪುಟ್ಟ ದಂಡೆಹಕ್ಕಿಗಳು ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ಕೆಸರಿಗೆ ಒಮ್ಮೆ ಕೊಕ್ಕು ಕುಕ್ಕಿ, ಮತ್ತೆ ಓಡುತ್ತ ಲೆನ್ಸ್‌ಗೆ ಫೋಕಸ್ ಸಿಗದಷ್ಟು ಸಮೀಪ ಬಂದುಬಿಡುತ್ತವೆ. ಚಿಪ್ಪಿ ಆರಿಸುವವರ ಪಕ್ಕದಲ್ಲೇ ಅವು ಮೇಯುವುದನ್ನೂ ಅಲ್ಲಿ ಗಮನಿಸಿದೆ. ಬಗ್ಗಿ ತಮ್ಮ ಕೆಲಸ ಮಾಡಿಕೊಂಡಿರುವ ಮನುಷ್ಯನಿಗೆ ಹಕ್ಕಿ ಹೆದರುವುದಿಲ್ಲ. ತನ್ನತ್ತಲೇ ನೆಟ್ಟ ಕಣ್ಣಿನಿಂದ, ಟ್ರೈಪಾಡ್ ಹೊತ್ತು ನೇರ ಬರುವವನಿಗೆ ಹೆದರುತ್ತದೆ.

ನಮ್ಮ ಹಿನ್ನೀರಿನಲ್ಲಿ ಭರತ ಇಳಿತಗಳಿಲ್ಲ, ನಿಜ. ಆದರೆ ಕುರಿಗಾಹಿ ದಂಡೆಗುಂಟ ಹಾದುಹೋದರೆ ಹಕ್ಕಿಗಳು ತುಸು ಸರಿದು ಮತ್ತೆ ಮೇಯುವುದನ್ನು ಇಲ್ಲೂ ನೋಡಬಹುದು. ಅವು ನೀರಿನಂಚು ಹಿಡಿದೇ ಮೇಯುತ್ತ ಸಾಗುವುದರಿಂದ, ಸಾಗುವ ದಿಕ್ಕು ಗುರುತಿಸಿ ಬಹಳ ಮುಂದೆ ಹೋಗಿ ಮಲಗಿದರಾಯಿತು. ಹೊತ್ತೇರುವ ಮುಂಚೆ ಕೆಲಸ ಮುಗಿಸಬೇಕು. ಬೇಸಿಗೆಯಲ್ಲಿ ಒಂಬತ್ತು ಗಂಟೆ ದಾಟಿತೆಂದರೆ ನೆಲದ ಝಳ ಕುಣಿಯತೊಡಗಿ, ಎಷ್ಟು ದುಬಾರಿ ಲೆನ್ಸ್ ಇದ್ದರೂ, ಎಷ್ಟು ಹತ್ತಿರ ಹೋದರೂ ಚಿತ್ರ ಕಲಸಿಹೋಗುತ್ತದೆ. ಮೇಯುತ್ತಿದ್ದ ಹಕ್ಕಿ ತಲೆಯೆತ್ತಿ ಅಲುಗದೆ ನಿಂತಿತು, ತಲೆಯನ್ನು ಮೇಲೆ ಕೆಳಗೆ ಕುಲುಕಿತು, ಪಕ್ಕದ ಟಿಟ್ಟಿಭ ಚೀರತೊಡಗಿತು ಎಂದರೆ ನಾವು ಹೆಚ್ಚು ಮುಂದೆ ಬಂದಿದ್ದೇವೆ. ಅಲ್ಲಿಂದ ಹಿಂದಕ್ಕೆ ಸರಿಯಬೇಕು.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುತ್ತಿರುವುದು ಬೇಸಿಗೆಯ ನಡುಗಡ್ಡೆಗಳ ಸ್ಥಿತಿ. ಶಿವರಾತ್ರಿ ಕಳೆದ ಮೇಲೆ ನೀರು ಇನ್ನೂ ಇಳಿದು ಹಿನ್ನೀರಿನ ನಡುವೆ ಮರಳುದಿಬ್ಬಗಳು ಏಳುತ್ತವೆ. ಅಲ್ಲಿ ನದಿ ರೀವ (ರಿವರ್ ಟರ್ನ್) ಮತ್ತು ಪ್ರ್ಯಾಟಿನ್‌ಕೋಲ್ ಎಂಬ ಹಕ್ಕಿಗಳು ಮೊಟ್ಟೆಯಿಡುತ್ತವೆ. ಯಾವ ಊರಿನ ಎದುರಿನ ದಿಬ್ಬ ಎಂದು ನಾನು ಬೇಕೆಂದೇ ಬರೆಯುತ್ತಿಲ್ಲ. ಗೂಡು ಎಂಬುದೇನೂ ಇರುವುದಿಲ್ಲ. ಮರಳಲ್ಲಿ ಎದೆಯಿಂದ ಒತ್ತಿ ಮಾಡಿದ ಒಂದು ತಗ್ಗು, ಅದರಲ್ಲಿ ಎರಡೋ ಮೂರೋ ಮೊಟ್ಟೆ. ಮರಳಿನದೇ ಬಣ್ಣ, ಮೇಲೆ ಕಂದು ಚುಕ್ಕೆಗಳು. ಎರಡಡಿ ದೂರದಲ್ಲಿ ನಿಂತರೂ ಕಾಣದೆ ಕಾಲಡಿಗೆ ಸಿಕ್ಕಿಬಿಡಬಹುದು. ಬಿಸಿಲು ಏರಿದಾಗ ತಾಯಿಹಕ್ಕಿ ಹಾರಿಹೋಗಿ ನೀರಿಗೆ ಹೊಟ್ಟೆ ತಾಗಿಸಿ, ಗರಿ ತೋಯಿಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತದೆ. ಆರಿದರೆ ಮತ್ತೆ ಹೋಗುತ್ತದೆ. ದುರ್ಬೀನಿನಲ್ಲಿ ನೋಡುತ್ತಿದ್ದರೆ ಅದರ ಹೊಟ್ಟೆಯ ಗರಿಗಳಿಂದ ಹನಿ ತೊಟ್ಟಿಕ್ಕುವುದು ಕಾಣುತ್ತದೆ. ನಮ್ಮ ಭಾಗದ ಏಪ್ರಿಲ್ ಬಿಸಿಲು ಎಲ್ಲರಿಗೂ ಗೊತ್ತು. ಅಂಥ ಕಾದ ಹಂಚಿನಂಥ ಮರಳಿನ ಮೇಲೆ ತಾಯಿಯ ನೆರಳು ತಪ್ಪಿದರೆ ಮೊಟ್ಟೆ ಕೆಡಲು ಹೆಚ್ಚು ಹೊತ್ತು ಬೇಡ.

ರೀವ ಹೆದರಿದರೆ ಓಡಿಹೋಗದೆ ನಮ್ಮ ತಲೆಯ ಮೇಲೆಯೇ ಕಿರುಚುತ್ತ ಎರಗುತ್ತದೆ. ಈಗ ಆ ಎರಗುವ ಭಂಗಿಗೇ ಬೇಡಿಕೆ ಬಂದಿದೆ. ಅದು ಸಿಗಲೆಂದೇ ದಿಬ್ಬದ ಮೇಲೆ ಗಂಟೆಗಟ್ಟಲೆ ನಿಲ್ಲುತ್ತಾರೆ. ನಿಂತಷ್ಟು ಹೊತ್ತೂ ಮೊಟ್ಟೆಗಳು ಬಿಸಿಲಿನಲ್ಲಿ. ಅವರು ಹೋದ ಮೇಲೆ ಕಾಗೆ, ನಾಯಿಗಳ ಸರದಿ. ಮದುವೆಗೆ ಮುಂಚಿನ ಶೂಟಿಂಗ್‌ಗೆಂದು ಬಣ್ಣದ ಹೊಗೆ, ಡ್ರೋನ್ ಸಮೇತ ಜೋಡಿಗಳನ್ನು ಇದೇ ದಿಬ್ಬಗಳಿಗೆ ಕರೆದೊಯ್ಯುವ ನನ್ನ ಕಸುಬಿನವರಿಗೂ ಕೈಮುಗಿದು ಕೇಳುತ್ತೇನೆ: ಮಾರ್ಚ್‌ನಿಂದ ಮೇ ತನಕ ದಂಡೆಯಲ್ಲೇ ಮುಗಿಸಿಕೊಳ್ಳಿ. ಮೀನುಗಾರರೊಬ್ಬರು ಒಂದು ತಂಡವನ್ನು ತಡೆದು ‘ಆ ಕಡಿ ಬ್ಯಾಡ್ರಿ ಸರ, ಅವು ತತ್ತಿ ಇಟ್ಟಾವ’ ಎಂದದ್ದನ್ನು ಕೇಳಿ ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು. ತಂಡ ಕೇಳಲಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದೂ ಬೇಟೆಯ ಲೆಕ್ಕಕ್ಕೇ ಬರುತ್ತದೆ. ನದಿ ರೀವ ಅಪಾಯದಂಚಿನ ಹಕ್ಕಿಗಳ ಜಾಗತಿಕ ಪಟ್ಟಿ ಸೇರಿಯೂ ಆಗಿದೆ. ಅಘನಾಶಿನಿ ಅಳಿವೆ, ಗದಗ ಜಿಲ್ಲೆಯ ಮಾಗಡಿ ಕೆರೆ, ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದ ನಮ್ಮ ನೆರೆಯ ಅಂಕಸಮುದ್ರ, ಮೂರಕ್ಕೂ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳಿಗೆ ಕೊಡುವ ರಾಮ್ಸರ್ ಮಾನ್ಯತೆ ಸಿಕ್ಕಿತು. ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿವರೆಗಿನ ನದಿಯನ್ನು 2015ರಲ್ಲೇ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಹಿನ್ನೀರಿನ ದಿಬ್ಬಗಳಿಗೆ ಅಂಥ ದೊಡ್ಡ ಹೆಸರೇ ಬೇಕೆಂದು ನಾನು ಕೇಳುತ್ತಿಲ್ಲ. ಮೂರು ತಿಂಗಳ ಮಟ್ಟಿಗೆ ಅರಣ್ಯ ಇಲಾಖೆಯವರು ಮೀನುಗಾರರಲ್ಲೇ ಕೆಲವರನ್ನು ಕೂಲಿ ಕೊಟ್ಟು ಕಾವಲಿಗೆ ಇಟ್ಟುಕೊಳ್ಳಲಿ. ಯಾವ ದಿಬ್ಬದ ಮೇಲೆ ಯಾವ ಹಕ್ಕಿ ಕೂತಿದೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ.

ತಮ್ಮಲ್ಲಿಯೂ ಒಂದು ಕೋರಿಕೆ. ಗೂಡು, ಮೊಟ್ಟೆ, ಮರಿಗಳ ಸಮೀಪದ ಚಿತ್ರಗಳನ್ನು ಓದುಗರಿಂದ ಸ್ವೀಕರಿಸಬೇಡಿ. ಹಿಂಡು ಏಳುತ್ತಿರುವ ಚಿತ್ರ ಬಂದರೆ ಹಕ್ಕಿಗಳು ಏಕೆ ಎದ್ದವು ಎಂದು ತೆಗೆದವರನ್ನು ಕೇಳಿ. ಉತ್ತರ ಸಮಾಧಾನ ತರದಿದ್ದರೆ ಬಿಟ್ಟುಬಿಡಿ. ಜಾಗದ ಹೆಸರು ಹಾಕುವಾಗ ತಾಲ್ಲೂಕಿನ ಹೆಸರಷ್ಟೇ ಇರಲಿ. ಸಿರುಗುಪ್ಪ ಭಾಗದಲ್ಲಿ ಬೆರಳೆಣಿಕೆಯಷ್ಟೇ ಉಳಿದಿರುವ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ವಿಷಯದಲ್ಲಂತೂ ಇದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಕೊಕ್ಕು ಕೆಸರಲ್ಲಿ ಊರಿ ತನ್ನ ಪಾಡಿಗೆ ಮೇಯುತ್ತಿರುವ ಹಕ್ಕಿಯ ಚಿತ್ರಕ್ಕೆ ಪುಟದಲ್ಲಿ ದೊಡ್ಡ ಜಾಗ ಕೊಟ್ಟು ನೋಡಿ, ಹುಡುಗರು ಅಂಥವನ್ನೇ ತೆಗೆಯಲು ಕಲಿಯುತ್ತಾರೆ. ಶಿವರಾತ್ರಿಗೆ ಮುಂಚೆ ಈ ಬಗ್ಗೆ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲಿನ ಸೂಚನೆ ಬಂದರೆ ಈ ಸಲದ ಮೊಟ್ಟೆಗಳಿಗೇ ಉಪಯೋಗವಾದೀತು.

ತಮ್ಮ ವಿಶ್ವಾಸಿ,
ಸ್ಟುಡಿಯೊ ಛಾಯಾಗ್ರಾಹಕ, ಕೊಪ್ಪಳ