ಬಿಪಿ ಅಂಕಿ ಹಾಕುವ ಮುನ್ನ ಓದಿ

ಎಲ್ಲರ ಗಮನಕ್ಕೆ: ಗುಂಪಿನಲ್ಲಿ ಬಿಪಿ ಹಾಕುವಾಗ ಎರಡೂ ಅಂಕಿ ಬರೆಯಿರಿ. ಮೇಲಿನದು ಹೃದಯದ ಎಡ ಕೆಳಕೋಣೆ ಹಿಂಡಿ ರಕ್ತ ತಳ್ಳಿದಾಗ ಅಪಧಮನಿಯ ಗೋಡೆಗೆ ಬೀಳುವ ಒತ್ತಡ. ಕೆಳಗಿನದು ಅದೇ ಕೋಣೆ ಸಡಿಲಗೊಂಡು ಮತ್ತೆ ತುಂಬಿಕೊಳ್ಳುವಾಗ ಉಳಿದಿರುವ ಒತ್ತಡ.

ಎಡವಟ್ಟಾಗುವುದು ಹೆಚ್ಚಾಗಿ ತೋಳಿನ ಎತ್ತರದಲ್ಲಿ. ತೋಳಿಗೆ ಸುತ್ತುವ ಪಟ್ಟಿ ಹೃದಯದ ಮಟ್ಟಕ್ಕೆ, ಅಂದರೆ ಎದೆಮೂಳೆಯ ನಡುಭಾಗಕ್ಕೆ ಸಮ ಇರಬೇಕು. ತೋಳು 10 ಸೆಂ.ಮೀ. ಕೆಳಗಿಳಿದರೆ ಅಷ್ಟೆತ್ತರದ ರಕ್ತದ ಭಾರವೂ ಸೇರಿ ಅಂಕಿ 7–8 ಏರುತ್ತದೆ. ಕೈಯನ್ನು ಮೇಜಿನ ಮೇಲಿಡಿ. ನೀವೇ ಎತ್ತಿ ಹಿಡಿದರೆ ಸ್ನಾಯು ಬಿಗಿದು ಮತ್ತಷ್ಟು ಏರುತ್ತದೆ.

ಪಟ್ಟಿಯ ಕೆಳ ಅಂಚು ಮೊಣಕೈ ಮಡಿಕೆಗಿಂತ 2–3 ಸೆಂ.ಮೀ. ಮೇಲಿರಲಿ. ಪಟ್ಟಿಯ ಮೇಲಿನ ಗುರುತು ತೋಳಿನ ಒಳಬದಿಗೆ ಬರಲಿ, ಅಪಧಮನಿ ಹಾದುಹೋಗುವುದು ಅಲ್ಲೇ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಅಂಕಿ ಸುಮ್ಮನೆ ಹೆಚ್ಚು ಬರುತ್ತದೆ (ಯಂತ್ರವನ್ನು ಬೈಯುವ ಮುನ್ನ ಇದನ್ನು ನೋಡಿ).

ಮೂತ್ರಕ್ಕೆ ಹೋಗಿಬಂದು, 5 ನಿಮಿಷ ಕೂತು, ಕಾಲ ಮೇಲೆ ಕಾಲು ಹಾಕದೆ, ಮಾತಾಡದೆ ಅಳೆಯಿರಿ. 1 ನಿಮಿಷ ಬಿಟ್ಟು ಇನ್ನೊಮ್ಮೆ, ಸರಾಸರಿ ಹಾಕಿ.

180/120 ದಾಟಿ ಎದೆನೋವು, ಉಸಿರಾಟದ ತೊಂದರೆ ಅಥವಾ ಮಾತು ತೊದಲುವುದು ಇದ್ದರೆ ಇಲ್ಲಿ ಬರೆಯುತ್ತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ.