ರಕ್ತದ ಚೀಟಿಯಲ್ಲಿ ನಾಯಿಯ ತಳಿಯನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ನಾಯಿ ತಳಿಗಳ ಬಗ್ಗೆ ಬಂದ ಲೇಖನ ಚೆನ್ನಾಗಿತ್ತು. ಕಿವಿ, ಬಾಲ, ಕೂದಲು, ಮರಿಯ ರೇಟು ಎಲ್ಲ ಇತ್ತು. ರಕ್ತದ ಸುದ್ದಿಯೇ ಇರಲಿಲ್ಲ. ನಾನು ಹುಬ್ಬಳ್ಳಿಯಲ್ಲಿ ಸಾಕುಪ್ರಾಣಿಗಳ ರಕ್ತ ಪರೀಕ್ಷೆ ಮಾಡುವ ಲ್ಯಾಬ್ ಟೆಕ್ನೀಷಿಯನ್. ನನ್ನ ಟೇಬಲ್ಲಿಗೆ ನಾಯಿ ಬರುವುದಿಲ್ಲ, ನೇರಳೆ ಮುಚ್ಚಳದ ಟ್ಯೂಬ್ ಬರುತ್ತದೆ. ಅದರ ಮೇಲೆ 'ಟಾಮಿ, ಗಂಡು, 4 ವರ್ಷ' ಅಂತಿರುತ್ತದೆ. ತಳಿಯ ಜಾಗ ಬಹಳ ಸಲ ಖಾಲಿ.

ಆ ಖಾಲಿ ಜಾಗದಿಂದ ತೊಂದರೆ ಆಗುತ್ತದೆ. ಗ್ರೇಹೌಂಡನ್ನೇ ನೋಡಿ. ಸಾಮಾನ್ಯ ನಾಯಿಯ ರಕ್ತದಲ್ಲಿ ಕೆಂಪು ಕಣಗಳ ಪಾಲು ಸುಮಾರು ಶೇ 37ರಿಂದ 55. ಗ್ರೇಹೌಂಡಿಗೆ 60 ಇದ್ದರೂ ಅದು ಆರೋಗ್ಯವೇ. ಗ್ಲಾಬ್ಯುಲಿನ್ ಎಂಬ ಪ್ರೋಟೀನ್ ಮಾತ್ರ ಅದಕ್ಕೆ ತಳಿಯ ಗುಣದಿಂದಲೇ ಕಡಿಮೆ, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ಟೂ ಕಡಿಮೆ. ಮೆಷಿನ್‌ಗೆ ಇದೆಲ್ಲ ಎಲ್ಲಿ ಗೊತ್ತು? ರಿಪೋರ್ಟಿನ ತುಂಬಾ 'ಹೆಚ್ಚು', 'ಕಡಿಮೆ' ಎನ್ನುವ ಬಾಣದ ಗುರುತು ಹಾಕಿ ಕಳಿಸುತ್ತದೆ. ನಮ್ಮ ಕಡೆ ಪ್ಲೇಟ್‌ಲೆಟ್ ಕಡಿಮೆ ಅಂದ ಕೂಡಲೇ ಉಣ್ಣೆ ಜ್ವರದ ಅನುಮಾನ. ಅದು ತಪ್ಪೂ ಅಲ್ಲ, ಉಣ್ಣೆಯ ಕಾಟ ಅಷ್ಟಿದೆ. ಆದರೆ ಚೆನ್ನಾಗಿ ಓಡಾಡಿಕೊಂಡಿರುವ ನಾಯಿಗೆ ಸುಮ್ನೆ ವಾರಗಟ್ಟಲೆ ಮಾತ್ರೆ ನುಂಗಿಸಬೇಕಾ? ಇನ್ನು ಗ್ರೇಹೌಂಡಿನ ಕೆಂಪು ಕಣ 40ಕ್ಕೆ ಇಳಿದಿದ್ದರೆ ಮೆಷಿನ್ 'ಸರಿ ಇದೆ' ಎನ್ನುತ್ತದೆ. ಆ ತಳಿಗೆ ಅದು ರಕ್ತಹೀನತೆ ಇರಬಹುದು.

ಡಾಬರ್‌ಮನ್‌ದು ಇನ್ನೂ ಗಂಭೀರ. ಗಾಯವಾದಾಗ ಪ್ಲೇಟ್‌ಲೆಟ್‌ಗಳನ್ನು ಗೋಂದಿನಂತೆ ಅಂಟಿಸುವ ಒಂದು ಪ್ರೋಟೀನ್ ರಕ್ತದಲ್ಲಿದೆ. ಹೆಸರು ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್. ಅದರ ಕೊರತೆಯ ಕಾಯಿಲೆಯನ್ನು 1926ರಲ್ಲಿ ಮನುಷ್ಯರಲ್ಲಿ ವಿವರಿಸಿದ ಫಿನ್‌ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ ಅವರ ಹೆಸರು ಅದು. ಡಾಬರ್‌ಮನ್‌ಗಳಲ್ಲಿ ಈ ಪ್ರೋಟೀನ್ ಕಡಿಮೆ ಇರುವ ನಾಯಿಗಳು ಜಾಸ್ತಿ. ಸ್ಕಾಟಿಷ್ ಟೆರಿಯರ್‌ಗಳಲ್ಲಿ ಕೆಲವಕ್ಕೆ ಅದು ಪೂರ್ತಿ ಇರುವುದೇ ಇಲ್ಲ. ನಾವು ದಿನಾ ಮಾಡುವ ರಕ್ತಕಣಗಳ ಎಣಿಕೆಯಲ್ಲಿ ಇದು ಸಿಕ್ಕುವುದಿಲ್ಲ. ಪ್ಲೇಟ್‌ಲೆಟ್ ಲೆಕ್ಕ ಸರಿಯಾಗೇ ಬರುತ್ತದೆ. ಗೊತ್ತಾಗುವುದು ಆಪರೇಷನ್ ಟೇಬಲ್ ಮೇಲೆ, ರಕ್ತ ನಿಲ್ಲದೆ ಹೋದಾಗ.

ಇದಕ್ಕೆ ದುಡ್ಡಿನ ಪರೀಕ್ಷೆಯೇ ಬೇಕೆಂದಿಲ್ಲ. ಡಾಕ್ಟರು ನಾಯಿಯ ಮೇಲ್ದುಟಿ ಮಡಚಿ ಒಳಗೆ ಸಣ್ಣ ಗೀರು ಹಾಕುತ್ತಾರೆ. ಗೀರಿಗೆ ತಾಗದಂತೆ ಪಕ್ಕದಿಂದ ಹೀರು ಕಾಗದದಲ್ಲಿ ರಕ್ತ ಒರೆಸುತ್ತಾ ಗಡಿಯಾರ ನೋಡುತ್ತಾರೆ. ನಾಲ್ಕು ನಿಮಿಷದ ಒಳಗೆ ನಿಲ್ಲಬೇಕು. ನಿಲ್ಲದಿದ್ದರೆ ಮುಂದಿನ ಪರೀಕ್ಷೆ. ಡಾಬರ್‌ಮನ್ ಸಾಕಿದವರು ಸಂತಾನಹರಣ ಆಪರೇಷನ್‌ಗೆ ಮುಂಚೆ ಇಷ್ಟನ್ನು ಕೇಳಿ ಮಾಡಿಸಿ.

ಜಪಾನಿನ ಶಿಬಾ, ಅಕಿಟಾ ನಾಯಿಗಳದ್ದು ಬೇರೆಯೇ ಕತೆ. ಅವುಗಳಲ್ಲಿ ಕೆಲವಕ್ಕೆ ಕೆಂಪು ಕಣದ ಒಳಗೇ ಪೊಟ್ಯಾಸಿಯಂ ಜಾಸ್ತಿ. ಟ್ಯೂಬ್ ಕುಲುಕಿ ಕಣ ಒಡೆದರೆ ಅದು ಹೊರಗೆ ಸೋರಿ ರಿಪೋರ್ಟ್ ಹೆದರಿಸುತ್ತದೆ, ನಾಯಿ ಆರಾಮಾಗಿರುತ್ತದೆ. (ಸ್ಯಾಂಪಲ್ಲನ್ನು ಬೈಕಿನ ಡಿಕ್ಕಿಯಲ್ಲಿ ಹಾಕಿ ತರುವವರು ದಯವಿಟ್ಟು ಗಮನಿಸಿ.)

ಈಗ ನಮ್ಮ ಮುಧೋಳ ನಾಯಿಗೆ ಬರೋಣ. ಅದೂ ಗ್ರೇಹೌಂಡಿನ ಹಾಗೆ ಓಟದ ಮೈಕಟ್ಟಿನ ಬೇಟೆ ನಾಯಿ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, ಸೇನೆಗೂ ಹೋಯಿತು. ಆದರೂ ಅದರ ರಕ್ತ ನನ್ನ ಬಳಿ ಬಂದಾಗ ನಾನು ತಾಳೆ ನೋಡುವುದು ಮೆಷಿನ್ ಜೊತೆ ಬಂದ, ಎಲ್ಲ ನಾಯಿಗೂ ಒಂದೇ ಆದ ಪಟ್ಟಿಯನ್ನು. ಮುಧೋಳ ಹತ್ತಿರದ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರಕ್ಕೆ ನನ್ನ ಕೋರಿಕೆ ಇಷ್ಟೇ: ಆರೋಗ್ಯವಂತ ಮುಧೋಳ ನಾಯಿಯ ರಕ್ತದ ಅಂಕಿಗಳನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ, ಮರಿ ಒಯ್ಯುವವರ ಕೈಗೆ ಕೊಡಿ. ಒಂದು ಪ್ರತಿ ಪಶು ಆಸ್ಪತ್ರೆಗಳಿಗೆ, ಒಂದು ನಮ್ಮಂಥ ಲ್ಯಾಬ್‌ಗಳಿಗೆ ಕಳಿಸಿ. ಗೋಡೆಗೆ ಅಂಟಿಸಿಕೊಳ್ಳುತ್ತೇವೆ.

– ಒಬ್ಬ ಲ್ಯಾಬ್ ಟೆಕ್ನೀಷಿಯನ್, ಹುಬ್ಬಳ್ಳಿ