ಬೆಂಕಿ ರೋಗ: ಸಿಂಪಡಣೆಗೆ ಮೊದಲು ತಳಿಯ ವಿಚಾರ

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಭತ್ತದ ಬೆಂಕಿ ರೋಗದ ಕುರಿತು ಪತ್ರಿಕೆಗಳಲ್ಲಿ ಬರುವ ಸಲಹೆಗಳು ಬಹುಮಟ್ಟಿಗೆ ಯಾವ ಔಷಧಿಯನ್ನು ಎಷ್ಟು ನೀರಿಗೆ ಬೆರೆಸಬೇಕು ಎಂಬಲ್ಲಿಗೆ ಮುಗಿದುಹೋಗುತ್ತವೆ. ಬೆಳೆ ತನ್ನನ್ನು ತಾನು ಹೇಗೆ ಕಾಪಾಡಿಕೊಳ್ಳುತ್ತದೆ ಎಂಬುದನ್ನೂ ತಿಳಿಸಿದರೆ ಆ ಔಷಧಿಯ ಬಳಕೆಯೂ ವಿವೇಕದಿಂದ ನಡೆದೀತು.

ಎಲೆಯ ಮೇಲೆ ಬಿದ್ದ, ಈ ರೋಗ ತರುವ ಶಿಲೀಂಧ್ರದ ಬೀಜಕಣವು ತೇವ ಸಿಕ್ಕೊಡನೆ ಮೊಳೆತು, ತುದಿಯಲ್ಲಿ ಗುಮ್ಮಟದಂಥ ಸೂಕ್ಷ್ಮ ಅಂಗವೊಂದನ್ನು ಕಟ್ಟಿ, ಅದರೊಳಗೆ ವಾಯುಮಂಡಲದ ಸುಮಾರು 80 ಪಟ್ಟು ಒತ್ತಡವನ್ನು ಬೆಳೆಸಿಕೊಂಡು ಎಲೆಯ ಹೊರಪದರವನ್ನು ಭೇದಿಸುತ್ತದೆ. ಈ ಒತ್ತಡ ಸೋರಿಹೋಗದಂತೆ ಹಿಡಿದಿಡುವುದು ಅದರ ಗೋಡೆಯಲ್ಲಿರುವ ಮೆಲನಿನ್ ಎಂಬ ಕಪ್ಪು ವಸ್ತು. ನಮ್ಮಲ್ಲಿ ಎಲ್ಲರೂ ಬಲ್ಲ ಟ್ರೈಸೈಕ್ಲಜೋಲ್ ಎಂಬ ಔಷಧಿ ಈ ಮೆಲನಿನ್ ತಯಾರಾಗದಂತೆ ತಡೆಯುತ್ತದೆಯೇ ಹೊರತು ಈಗಾಗಲೇ ಒಳಹೊಕ್ಕ ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಗದ್ದೆಯೆಲ್ಲ ಸುಟ್ಟಂತಾದ ಮೇಲೆ ಸಿಂಪಡಿಸಿ, ಫಲ ಕಾಣದೆ ಅಂಗಡಿಯವರನ್ನು ದೂರುವುದರಲ್ಲಿ ಅರ್ಥವಿಲ್ಲ.

ಭತ್ತದ ಮೊದಲ ರಕ್ಷಣೆ ಸಿಲಿಕಾ, ಅಂದರೆ ಮರಳಿನಲ್ಲಿರುವ ಗಟ್ಟಿ ಖನಿಜ. ಮಣ್ಣಿನಿಂದ ಅದನ್ನು ಹೀರಿ ಎಲೆಯ ಮೇಲ್ಪದರದಲ್ಲಿ ತುಂಬಿಕೊಳ್ಳುವ ಗಿಡವನ್ನು ಕೊರೆಯುವುದು ಶಿಲೀಂಧ್ರಕ್ಕೆ ಕಷ್ಟ. ಅತಿಯಾಗಿ ಯೂರಿಯಾ ಕೊಟ್ಟಾಗ ಎಲೆಗಳು ಕಡುಹಸಿರಾಗಿ ಕಣ್ಣಿಗೆ ಹಿತವೆನಿಸಿದರೂ ಮೆತ್ತಗಾಗಿ, ಈ ರಕ್ಷಣೆ ಸಡಿಲಗೊಳ್ಳುತ್ತದೆ. ಯೂರಿಯಾವನ್ನು ಕಂತುಗಳಲ್ಲಿ ಹಾಕಿ ಎಂಬ ಹಳೆಯ ಸಲಹೆಗೆ ಇದೂ ಒಂದು ಕಾರಣವೆಂದು ಯಾರೂ ಬಿಡಿಸಿ ಹೇಳುವುದಿಲ್ಲ.

ಹೊರಪದರ ದಾಟಿ ಬಂದ ಶಿಲೀಂಧ್ರದ ಕೋಶಭಿತ್ತಿಯಲ್ಲಿರುವ ಕೈಟಿನ್ ಎಂಬ ಗಟ್ಟಿ ವಸ್ತುವಿನ ಚೂರುಗಳನ್ನು ಗಿಡ ಗುರುತಿಸಿ, ಅದನ್ನು ಕರಗಿಸುವ ಕಿಣ್ವಗಳನ್ನು ಸ್ರವಿಸುತ್ತದೆ. ಸೂಕ್ತ ನಿರೋಧಕ ಜೀನ್ ಇರುವ ತಳಿಯಲ್ಲಿ ಸೋಂಕು ತಗುಲಿದ ಜೀವಕೋಶಗಳು ತಾವಾಗಿಯೇ ಸತ್ತು, ಶಿಲೀಂಧ್ರ ಮುಂದುವರಿಯದಂತೆ ಮಾಡುತ್ತವೆ. ಅಂಥ ತಳಿಯ ಎಲೆಯಲ್ಲಿ ಕಾಣುವ ಸೂಜಿಮೊನೆಯಷ್ಟು ಕಂದು ಚುಕ್ಕೆಗಳು ಈ ಪ್ರತಿರೋಧದ ಗುರುತಾಗಿರಬಹುದು. ನಡುವೆ ಬೂದುಬಣ್ಣವಿದ್ದು ಎರಡೂ ತುದಿ ಚೂಪಾಗಿರುವ ಚುಕ್ಕೆಗಳು ಹರಡುತ್ತಿದ್ದರೆ ಮಾತ್ರ ಆತಂಕಪಡಬೇಕು.

ಒಂದೇ ಜೀನ್ ನಂಬಿದ ತಳಿಯನ್ನು ಶಿಲೀಂಧ್ರ ಕೆಲವು ವರ್ಷಗಳಲ್ಲಿ ಮೀರಬಲ್ಲದು ಎಂಬುದು ನಿಜ. ಅದಕ್ಕಾಗಿಯೇ ‘ಪೂಸಾ ಬಾಸ್ಮತಿ 1847’ ಎಂಬ ಭತ್ತದ ತಳಿಯಲ್ಲಿ ಈ ರೋಗದ ವಿರುದ್ಧ ಎರಡು ಜೀನ್‌ಗಳನ್ನು ಒಟ್ಟಿಗೆ ಸೇರಿಸಲಾಗಿದೆ. ಯುರೋಪಿನಲ್ಲಿ ಟ್ರೈಸೈಕ್ಲಜೋಲ್ ಶೇಷದ ಮಿತಿ ಕಿಲೋಗೆ 0.01 ಮಿಲಿಗ್ರಾಂಗೆ ಇಳಿದ ಮೇಲೆ ರಫ್ತಿನ ಅಕ್ಕಿಗೆ ಇಂಥ ತಳಿಗಳ ಅಗತ್ಯ ಹೆಚ್ಚಾಯಿತು. ನಾವೇ ಉಣ್ಣುವ ಅಕ್ಕಿಗೂ ಅಷ್ಟೇ ಕಾಳಜಿ ಬೇಡವೇ? ಇಂಥ ತಳಿ ನಮಗೆ ಹೊಸದಲ್ಲ; ರಾಗಿಯ ಬೆಂಕಿ ರೋಗವನ್ನು ತಡೆಯುವ ಜಿಪಿಯು-28 ತಳಿಯನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಕೊಟ್ಟು ಎಷ್ಟೋ ವರ್ಷಗಳಾದವು.

ರೈತ ಸಂಪರ್ಕ ಕೇಂದ್ರಗಳಲ್ಲಿ ಕೊಡುವ ಬಿತ್ತನೆ ಬೀಜದ ಚೀಲದ ಮೇಲೆ ಮೊಳಕೆ ಪ್ರಮಾಣದ ಜೊತೆಗೆ, ಆ ತಳಿ ಬೆಂಕಿ ರೋಗವನ್ನು ಎಷ್ಟರಮಟ್ಟಿಗೆ ತಡೆದುಕೊಳ್ಳುತ್ತದೆ ಎಂಬುದನ್ನೂ ದೊಡ್ಡ ಕನ್ನಡ ಅಕ್ಷರಗಳಲ್ಲಿ ಮುದ್ರಿಸುವಂತೆ ಕೃಷಿ ಇಲಾಖೆ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ.

– ಭತ್ತದ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು